ಹೋಳಿಗೆ ತಿಂದ ಕೌದಿ

ಇಳಕಲ್ಲಿನ ಸೀರೆ ಸಾವಕಾರ ಹೊಳಬಸಪ್ಪ ಹನ್ನೊಂದು ನಕ್ಷೆಯ ಕೂಲಿ, ನಕ್ಷೆಗೆ ಮೂರು ರೂಪಾಯಿಯಂತೆ ಮೂವತ್ಮೂರು ರೂಪಾಯಿ, ಅಮಾತೆಪ್ಪನಿಗೆ ಇನ್ನೂ ಕೊಡಬೇಕು. ೧೯೭೮ರ ಬಾಕಿ ಇದು. ಸಾವಕಾರ ಕೊಡುವವನಲ್ಲ, ಅಮಾತೆಪ್ಪ ಮರೆಯುವವನಲ್ಲ.

ಅಮಾತೆಪ್ಪನ ಕೆಲಸ ಚೌಕಳಿ ಹಾಳೆಯ ಮೇಲೆ ಸೀರೆಯ ದಡಿಗೆ, ಅಂದರೆ ಅಂಚಿಗೆ, ನಕ್ಷೆ ಬರೆಯುವುದು. ಅವನ ದಡಿಯ ಸೀರೆ ಸೊಲ್ಲಾಪುರದ ತನಕ ಹೋಗುತ್ತಿತ್ತು. ಅವನ ಹೆಸರು ಮಾತ್ರ ಸಾವಕಾರನ ಅಂಗಡಿಯ ಹೊಸ್ತಿಲು ದಾಟಿರಲಿಲ್ಲ. ಅಚ್ಚು ಹಾಕಿದ ನಕ್ಷೆಯ ಪುಸ್ತಕ ಹೊರಗಿನಿಂದ ಅಗ್ಗಕ್ಕೆ ಬಂದ ದಿನ ಹೊಳಬಸಪ್ಪ ಅವನನ್ನು ಕರೆದ.

"ನಾಳಿಂದ ಬರಬ್ಯಾಡಪಾ."

"ಹಿಂದಿನ ಹನ್ನೊಂದು ನಕ್ಷಿ ರೊಕ್ಕಾರಿ?"

"ನೂಲು ನಂದು, ಮಗ್ಗ ನಂದು. ನೀ ಏನ್ ಮಾಡಿದಿ? ಗೆರಿ ಹೊಡದಿ. ಗೆರಿ ಸಾಲಿ ಹುಡುಗೂರೂ ಹೊಡೀತಾವು."

ರೊಕ್ಕ ಹೋದದ್ದಕ್ಕಿಂತ ಈ ಮಾತು ಹೆಚ್ಚು ಉರಿಯಿತು. ತನ್ನ ಕೈಯಿಂದ ಆದ ಒಂದಾದರೂ ಕೆಲಸದ ಕೆಳಗೆ ತನ್ನ ಹೆಸರು ಕಂಡೇ ಸಾಯಬೇಕು ಎಂದು ಅಮಾತೆಪ್ಪ ಹಟ ಹಿಡಿದ. ಹಟಕ್ಕೆ ಹೊಟ್ಟೆ ತುಂಬುವುದಿಲ್ಲವಾದ್ದರಿಂದ, ಹೆಂಡತಿ ಗುರುಸಿದ್ದವ್ವನನ್ನು ಕರೆದುಕೊಂಡು ರಾಮಥಾಳದ ಅತ್ತೆಯ ಮನೆ ಸೇರಿದ.

ಅತ್ತೆ ಬೋರವ್ವ ಗುರುಸಿದ್ದವ್ವನ ತಾಯಿ, ಅವನ ಅಪ್ಪನ ಖಾಸಾ ತಂಗಿಯೂ ಹೌದು. ಹೀಗಾಗಿ ಅಳಿಯನನ್ನು ಬಯ್ಯಲು ಅವಳಿಗೆ ಎರಡೂ ಕಡೆಯಿಂದ ಹಕ್ಕಿತ್ತು. ಎರಡನ್ನೂ ಬಿಡದೆ ವಸೂಲು ಮಾಡುತ್ತಿದ್ದಳು. ಊರವರ ಹರಿದ ಸೀರೆ, ಧೋತರಗಳನ್ನು ಪದರು ಪದರಾಗಿ ಹಾಸಿ, ಮೇಲೆ ಬಣ್ಣದ ಚೂರು ಜೋಡಿಸಿ ಕೌದಿ ಹೊಲಿಯುವುದು ಅವಳ ಕಸಬು. ಕೂಲಿ ಎಂದು ಜೋಳ ಬರುತ್ತಿತ್ತು.

ಅಮಾತೆಪ್ಪ ಕೌದಿಯ ಸುತ್ತ ಎರಡು ಸುತ್ತು ಹಾಕಿದ. "ಅತ್ತಿ, ಒಂದು ಚೂರೂ ನೆಟ್ಟಗಿಲ್ಲ. ನಾ ನಕ್ಷಿ ಬರದು ಕೊಡ್ತೇನಿ."

"ಬರಿ. ಥಂಡಿ ಆದರ ಆ ಹಾಳೀನಽ ಹೊಚ್ಚಿಕೊಂಡು ಮಲಗು."

ಮೂರು ದಿನ ಕೂತು ಬರೆದ. ನಕ್ಷೆಯ ನಡುವೆ ಕೆಂಪು ಬೇಕಾಯಿತು. ಹಳೇ ಅರಿವೆಯ ಗಂಟಿನಲ್ಲಿ ಕೆಂಪಿಲ್ಲ. ಅಂಗಳದ ಹಗ್ಗದ ಮೇಲೆ ಇತ್ತು. ಇಳಿಸಿಕೊಂಡು, ಅಳತೆಪಟ್ಟಿ ಇಟ್ಟು, ಅಚ್ಚುಕಟ್ಟಾಗಿ ಒಂಬತ್ತು ಚೌಕ ಕತ್ತರಿಸಿದ. ಬೋರವ್ವ ಹೊಲದಿಂದ ಬಂದಳು.

"ಇದು ನನ್ನ ಹೊಸಾ ಸೀರಿ ಇದ್ದಂಗೈತಲ್ಲೋ."

"ನಕ್ಷಿಯೊಳಗ ಕೆಂಪು ಬೇಕಾಗಿತ್ತತ್ತಿ."

"ನಾಳೆ ಇನ್ನೀಟು ಕೆಂಪು ಬೇಕಾದರ ನನ್ನ ಕುತಗಿ ಕೊಯ್ದೀ ಮತ್ತ. ಹರದದ್ದನ್ನ ಕೂಡಸೂದಕ್ಕ ಕೌದಿ ಅಂತಾರೋ ಖೋಡಿ. ನೀ ನೆಟ್ಟಗಿದ್ದದ್ದನ್ನ ಹರದು ಕುಂತಿ."

ನಕ್ಷೆ ಒಲೆಗೆ ಹೋಯಿತು. ಸೀರೆಯ ಬೆಲೆ ತೀರುವ ತನಕ ಅಳಿಯ ಸೂಜಿ ಹಿಡಿಯಬೇಕೆಂದು ತೀರ್ಪಾಯಿತು. ಅಮಾತೆಪ್ಪ ಹೆಂಡತಿಯ ಕಡೆ ನೋಡಿದರೆ ಗುರುಸಿದ್ದವ್ವ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು.

ಗಂಡಸು ಕೌದಿ ಹೊಲಿಯುವುದನ್ನು ರಾಮಥಾಳ ಕಂಡಿರಲಿಲ್ಲ. ಊರಬಾಗಿಲ ಅಗಸಿಕಟ್ಟೆಯಲ್ಲಿ ಮುದುಕ ಯಮನಪ್ಪ ಕಾದೇ ಕೂತಿರುತ್ತಿದ್ದ. "ಏನ್ಲೇ ಅಮಾತೆಪ್ಪ, ನನ್ನ ಮೊಮ್ಮಗನ ತಲಿಗೊಂದು ಕುಂಚಿಗಿ ಬೇಕಾಗೇತಿ. ಯಾವಾಗ ಹೊಲೀತಿ?"

"ನಿನ್ನ ಬಾಯಿ ಹೊಲದು ಮುಗೀಲಿ ತಡಿ."

ಮೊದಲ ವರ್ಷ ಅವನ ಹೊಲಿಗೆ ಆಡಿನ ಮರಿಯಂತೆ ಜಿಗಿಯುತ್ತಿತ್ತು. ನಾಲ್ಕನೆಯ ವರ್ಷ ಕೂರಿಗೆಯ ಸಾಲಿನಂತೆ ಓಡಿತು. ಅಂಚಿನಿಂದ ಶುರು ಮಾಡಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುವುದು, ಚೂರು ಹೇಗೆ ಹರಿದಿದೆಯೋ ಹಾಗೇ ಕೂರಿಸುವುದು, ಯಾವ ಬಣ್ಣ ಯಾವುದರ ಪಕ್ಕ ಜಗಳ ತೆಗೆಯುತ್ತದೆ ಎಂದು ಕಣ್ಣಿಗಿಂತ ಮೊದಲು ಬೆರಳಿಗೆ ತಿಳಿಯುವುದು. ಜ್ಞಾನೋದಯ ಗಿನೋದಯ ಏನೂ ಆಗಲಿಲ್ಲ. ಬೆರಳಿಗೆ ದಡ್ಡು ಬಿತ್ತು, ಅಷ್ಟೇ. ಸೀರೆಯ ಬೆಲೆ ತೀರಿ ಎಷ್ಟೋ ದಿನವಾಗಿತ್ತು, ಅವನು ಎದ್ದಿರಲಿಲ್ಲ.

೧೯೮೪ರಲ್ಲಿ ಬಾಗಲಕೋಟೆಯಲ್ಲಿ ಕೈಕಸಬಿನ ಪ್ರದರ್ಶನ ಎಂದು ಸುದ್ದಿ ಬಂತು. ಆರಿಸಿದ ಕೆಲಸದ ಕೆಳಗೆ ಬೋರ್ಡಿನಲ್ಲಿ ಹೆಸರು ಬರೆಯುತ್ತಾರಂತೆ. ಐದು ತಿಂಗಳು ಬೋರವ್ವ ಚೂರು ಜೋಡಿಸಿದಳು, ಅಮಾತೆಪ್ಪ ಹೊಲಿದ. ಅರ್ಜಿಯಲ್ಲಿ ಕಲಾವಿದರ ಹೆಸರಿಗೆ ಒಂದೇ ಗೆರೆ ಇತ್ತು.

"ನನ್ನ ಹೆಸರೂ ಬರದೇನೋ?" ಎಂದು ಬೋರವ್ವ ಕೇಳಿದಳು.

"ಬರದೇನಿ ಅತ್ತಿ."

ಬರೆದಿರಲಿಲ್ಲ. ಅವಳಿಗೆ ಓದಲು ಬರುತ್ತಿರಲಿಲ್ಲ.

ಇನ್ನು ಕೊನೆಯ ಮೂಲೆ ಮುಚ್ಚುವ ಶಾಸ್ತ್ರ. ಕೌದಿಯ ಹೊಟ್ಟೆ ಖಾಲಿ ಇರಬಾರದೆಂದು ಆ ಮೂಲೆಯಲ್ಲಿ ಒಂದು ಚೂರು ರೊಟ್ಟಿ ಇಟ್ಟು ಹೊಲಿಯುತ್ತಾರೆ. ಅಮಾತೆಪ್ಪ ಬೇಡವೆಂದ. "ಅತ್ತಿ, ಇದು ಪ್ರದರ್ಶನಕ್ಕ ಹೋಗೂದು. ನಾಕು ಮಂದಿ ನೋಡಿ ನಗತಾರ."

"ಎಲ್ಲಿಗರೆ ಹೋಗಲಿ, ಉಪಾಸ ಕಳಸಬಾರ್ದು."

ಅವನು ಬರೀ ಮೂಲೆ ಮುಚ್ಚಿ ಜಳಕಕ್ಕೆ ಹೋದ. ಬೋರವ್ವ ನಾಲ್ಕು ಹೊಲಿಗೆ ಬಿಚ್ಚಿದಳು. ಕೌದಿ ಪಟ್ಟಣಕ್ಕೆ ಹೊರಟಿದೆ, ಒಣ ರೊಟ್ಟಿ ಚೆನ್ನಾಗಿರುವುದಿಲ್ಲ ಎಂದು ಅಂಗೈ ಅಗಲದ ಶೇಂಗಾ ಹೋಳಿಗೆ ಇಟ್ಟು, ಮತ್ತೆ ಹೊಲಿದಳು.

ಬಾಗಲಕೋಟೆಯಲ್ಲಿ ಕೌದಿಯನ್ನು ಗೋಡೆಗೆ ತೂಗುಹಾಕಿದರು. ಮರುದಿನ ಆಯ್ಕೆಗೆ ಬಂದ ಬೆಂಗಳೂರಿನ ಸಾಹೇಬರು ಕೌದಿಯ ಮುಂದೆ ಬಹಳ ಹೊತ್ತು ನಿಂತರು. ಅಮಾತೆಪ್ಪನ ಎದೆ ಉಬ್ಬಿತು.

"ಈ ಕಪ್ಪು ದಾರದ ಗೆರೆ ಓಡಾಡ್ತಾ ಇದೆಯಲ್ಲ, ಏನ್ರೀ ಇದು?"

ಇರುವೆ. ನೆಲದಿಂದ ಗೋಡೆ, ಗೋಡೆಯಿಂದ ಕೌದಿ, ಕೌದಿಯಿಂದ ಮೂಲೆ. ಜವಾನ ಮೂಲೆ ಬಿಚ್ಚಿದ. ಹೋಳಿಗೆ ಹೊರಬಿತ್ತು.

"ಯಾರ ಕೆಲಸ ಇದು?"

"ನಂದಲ್ರಿ ಸಾಹೇಬ್ರ, ನಮ್ಮತ್ತೀದು," ಎಂದ ಅಮಾತೆಪ್ಪ. ಅಂಜಿಕೆಯಲ್ಲಿ ನಾಲಿಗೆ ನಿಲ್ಲಲಿಲ್ಲ. "ಚೂರು ಜೋಡಿಸಿದಾಕೀನೂ ಆಕೀನಽ, ಮೂಲಿ ಮುಚ್ಚಿದಾಕೀನೂ ಆಕೀನಽ."

ಸಾಹೇಬರು ಅರ್ಜಿ ನೋಡಿದರು. "ಅಂದರೆ ಇರುವೆ ಅವರದು, ಕೌದಿ ನಿಮ್ಮದು?"

ಸುತ್ತ ನಿಂತವರು ನಕ್ಕರು. ಅಮಾತೆಪ್ಪನ ಮುಖ ಬದನೆಕಾಯಿಯಾಯಿತು. ತಾನೂ ಒಬ್ಬ ಸಾವಕಾರನೇ ಎಂಬುದು ಅವನಿಗೆ ಅಲ್ಲೇ, ಆ ನಗೆಯ ನಡುವೆ ತಿಳಿಯಿತು. ಪೆನ್ನು ಕೇಳಿ ಇಸಿದುಕೊಂಡು, ತನ್ನ ಹೆಸರಿನ ಮೇಲುಗಡೆ ಬೋರವ್ವ ಎಂದು ಬರೆದ.

"ಒಂದೇ ಹೆಸರು ರೀ. ನಿಯಮ. ಒಂದನ್ನ ಹೊಡೆದು ಹಾಕಿ, ಮೂಲೆ ಸ್ವಚ್ಛ ಮಾಡಿ. ಕೌದಿ ಚೆನ್ನಾಗಿದೆ, ಇರಲಿ."

ಅವಳ ಹೆಸರು ಹೊಡೆದರೆ ಆರು ವರ್ಷದ ಹಟ ಬೋರ್ಡು ಏರುತ್ತಿತ್ತು. ಅಮಾತೆಪ್ಪ ಪೆನ್ನು ಹಿಡಿದು ನಿಂತ. ಆಮೇಲೆ ಅದನ್ನು ಸಾಹೇಬರ ಕೈಗೇ ಕೊಟ್ಟ. "ನಿಮ್ಮ ಅರ್ಜಿ ಸಣ್ಣದಾಗೇತ್ರಿ. ದೊಡ್ಡದು ಮಾಡಸ್ರಿ," ಎಂದು ಇರುವೆ ಸಮೇತ ಕೌದಿ ಮಡಚಿದ.

ಬಸ್ಸಿನಲ್ಲಿ ಪಕ್ಕದವರು ತೊಡೆ ಕೆರೆದುಕೊಳ್ಳುತ್ತ ಒಬ್ಬೊಬ್ಬರೇ ಎದ್ದು ಹೋದರು. ಕಾಲು ಚಾಚಿಕೊಂಡು ಊರು ಮುಟ್ಟಿದ.

"ನನ್ನ ಹೆಸರು ಬರದಿದ್ದೇನೋ?" ಬೋರವ್ವ ಬಾಗಿಲಲ್ಲೇ ಕೇಳಿದಳು.

"ಮೊದಲ ಬರದಿದ್ದಿಲ್ಲತ್ತಿ. ಆಮ್ಯಾಲೆ ಬರದೆ."

ಅವಳು ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಸುಳ್ಳು ಹೇಳಿ ಹೋಗಿ, ಖರೆ ಹೇಳಾಕ ಬಂದಿ. ಕೈಕಾಲು ತೊಳಕೋ, ಉಣ್ಣು."

ಆಮೇಲಿನ ಕೌದಿಗಳ ಅಂಚಿನಲ್ಲಿ ಅಮಾತೆಪ್ಪ ಎರಡೂ ಹೆಸರನ್ನು ದಾರದಲ್ಲೇ ಬರೆದ, ಅತ್ತೆಯದು ಮೊದಲು. ಹುನಗುಂದ, ಬಾದಾಮಿ, ಕುಳಗೇರಿ ಕ್ರಾಸಿನ ತನಕ ಅವು ಹೋದವು. ಹೊದ್ದವರಲ್ಲಿ ಎಷ್ಟು ಮಂದಿ ಓದಿದರೋ.

ನಿಮ್ಮ ಮನೆಯಲ್ಲೂ ಒಂದು ಕೌದಿ ಇದೆ. ಹೊಲಿದವರ ಹೆಸರು ಹೇಳಿ. ಅಜ್ಜಿ ಎನ್ನಬೇಡಿ, ಅಜ್ಜಿಗೂ ಒಂದು ಹೆಸರಿತ್ತು. ಗೊತ್ತಿಲ್ಲದಿದ್ದರೆ ಗೊತ್ತಿದ್ದವರು ಸಾಯುವ ಮೊದಲು ಹೋಗಿ ಕೇಳಿ, ಬಂದು ಅದರ ಅಂಚಿನ ಮೇಲೆ ಬರೆಯಿರಿ.