ಹಳದಿ ಹೆಲ್ಮೆಟ್ಟಿನ ಪಟ್ಟಿ

ಚೀಲದ ಬಾಯಿ ಬಿಚ್ಚಿದ ಕೂಡಲೇ ಆ ವಾಸನೆ ಬಂತು. ಹಳೇ ಬೆವರು, ಹಳೇ ಸ್ಪಂಜು, ಅದರ ಜೊತೆಗೆ ಒಂದಿಷ್ಟು ಪೆಟ್ರೋಲು. ಅಣ್ಣನ ಕೋಣೆಯ ವಾಸನೆ.

ಮಳೆಗಾಲಕ್ಕೆ ಮುಂಚೆ ವೇಲಚೇರಿಯಲ್ಲಿ, ನೀರು ನುಗ್ಗುವ ಭಯಕ್ಕೆ, ಕೆಳಗಿನ ಮನೆಯವರಿಗೆಲ್ಲ ಒಂದೇ ಕೆಲಸ, ಸಾಮಾನನ್ನು ಅಟ್ಟಕ್ಕೆ ಏರಿಸುವುದು. ಹೋದ ವಾರ ಮಗಳು ಸ್ಟೂಲು ಹತ್ತಿ ಜಾಗ ಮಾಡುತ್ತಿದ್ದಾಗ ಈ ಚೀಲ ಸಿಕ್ಕಿತು. ಅಣ್ಣ ತೀರಿಕೊಂಡು ಎರಡು ವರ್ಷವಾಯಿತು. ಅವನು ಕೊನೆಗೆ ಕೆಲಸಕ್ಕಿದ್ದ ಮಾಧವರಂನಿಂದ ಅವನ ಸಾಮಾನು ಬಂದಾಗ ಬಿಚ್ಚಿ ನೋಡುವ ಧೈರ್ಯವಾಗದೆ ಹಾಗೇ ಮೇಲೆ ಹಾಕಿಸಿದ್ದೆ. ಮಗಳು ಒಳಗಿಂದ ಒಂದು ಹಳದಿ ಹೆಲ್ಮೆಟ್ ತೆಗೆದು ಮೂಗು ಮುಚ್ಚಿಕೊಂಡಳು.

“ಇದು ಎದುಕ್ಕುಮ್ಮಾ? ತೂಕ್ಕಿ ಪೋಡು.”

ಅವಳು ನನ್ನ ಕನ್ನಡಕ್ಕೆ ತಮಿಳಲ್ಲೇ ಉತ್ತರ ಕೊಡುವುದು. ಎಸೆದುಬಿಡು ಅಂದಳು. ನಾನು ಕಿತ್ತುಕೊಂಡೆ. ಆವತ್ತಿನಿಂದ ಅದನ್ನು ಎಲ್ಲಿಡಬೇಕೋ ತಿಳಿಯದೆ ಮಂಚದ ಕೆಳಗೆ, ಬಾಗಿಲ ಹಿಂದೆ, ಬಚ್ಚಲ ಕಿಟಕಿಗೆ ಅಂತ ಹೊತ್ತು ತಿರುಗುತ್ತಿದ್ದೇನೆ. ಇಟ್ಟ ಕಡೆ ಬಿಟ್ಟು ಬರಲು ಮನಸ್ಸಾಗುವುದಿಲ್ಲ.

ನಾವು ಚಾಮರಾಜನಗರದ ಕಡೆಯವರು. ಈ ತಮಿಳು ಊರಿಗೆ ಬಂದ ಮೇಲೆ ಅಣ್ಣ ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಇದ್ದ, ಮದುವೆ ಮಾಡಿಕೊಳ್ಳಲಿಲ್ಲ. ಊರಾಚೆಯ ಬೈಕ್ ರೇಸ್ ಮೈದಾನದಲ್ಲಿ ಅವನಿಗೆ ಕೆಲಸ. ರೇಸಿಗೆ ಇಳಿಯುವವರ ಹೆಲ್ಮೆಟ್, ಬೂಟು ತಪಾಸಣೆ ಮಾಡುವ ಕೋಣೆಯಲ್ಲಿ ಸಹಾಯಕ. ಹೆಲ್ಮೆಟ್ಟಿನ ಒಳಗೆ, ಸ್ಪಂಜಿನ ಹಿಂದೆ ಒಂದು ಸಣ್ಣ ಚೀಟಿ ಅಂಟಿಸಿರುತ್ತಾರೆ, ಅದು ಯಾವ ವರ್ಷದ್ದು ಅಂತ. ಗಡುವು ದಾಟಿದ್ದರೆ ಎಷ್ಟೇ ಹೊಳೆಯುತ್ತಿದ್ದರೂ ರೇಸಿಗೆ ಬಿಡುವಂತಿಲ್ಲ. ಅಣ್ಣ ಓದಿದ್ದು ಏಳನೇ ಕ್ಲಾಸು, ನಾನು ಐದು. ಆದರೂ ಆ ಚೀಟಿ ಹುಡುಕಿ ಓದುವುದರಲ್ಲಿ ಅವನನ್ನು ಮೀರಿಸುವವರು ಅಲ್ಲಿರಲಿಲ್ಲ.

ಬೇಡವಾದ ಹೆಲ್ಮೆಟ್ಟುಗಳನ್ನು ಕೆಲವರು ಅಲ್ಲೇ ಬಿಟ್ಟು ಹೋಗುತ್ತಿದ್ದರು. ಅವನ್ನು ಮನೆಗೆ ತರಲು ಅಲ್ಲಿನ ದೊಡ್ಡ ಸಾರ್ ಅಣ್ಣನೊಬ್ಬನಿಗೆ ಒಪ್ಪಿಗೆ ಕೊಟ್ಟಿದ್ದರು. ಒಂದೇ ಷರತ್ತು. ಗದ್ದದ ಪಟ್ಟಿ ಕತ್ತರಿಸಿಯೇ ತರಬೇಕು, ಮತ್ತೆ ಯಾರ ತಲೆಗೂ ಅದು ಏರಕೂಡದು.

ಪಟ್ಟಿ ಕತ್ತರಿಸಿದ ಮೇಲೆ ಅದು ಹೆಲ್ಮೆಟ್ ಅಲ್ಲ, ಪಾತ್ರೆ ಅನ್ನುತ್ತಿದ್ದ ಅಣ್ಣ. ಒಂದರಲ್ಲಿ ದೊಡ್ಡಪತ್ರೆ ಗಿಡ ಹಾಕಿದ್ದ. ಒಂದನ್ನು ನೀರಿನ ಮೋಟಾರಿನ ಸ್ವಿಚ್ಚಿಗೆ ಮಳೆ ತಾಗದ ಹಾಗೆ ಕವುಚಿದ್ದ. ಇನ್ನೊಂದರಲ್ಲಿ ಬೀದಿಯ ಬೆಕ್ಕು ಮರಿ ಹಾಕಿ, ಆ ತಿಂಗಳು ನಾವು ಹಿತ್ತಲಿಗೆ ಮೆತ್ತಗೆ ಹೋಗಿ ಬರಬೇಕಾಯಿತು. ಕೆನ್ನೆಯ ದಿಂಬುಗಳನ್ನು ಒಗೆದು ಸುತ್ತಿ ನನಗೆ ಸಿಂಬಿ ಮಾಡಿಕೊಟ್ಟಿದ್ದ, ಲಾರಿ ನೀರಿನ ಕೊಡ ಹೊರುವುದಕ್ಕೆ. ಪಕ್ಕದ ಮನೆಯ ಅಜ್ಜಿ, ನಮಗೆಲ್ಲ ಪಾಟಿ, ದಿನಾ ಸಂಜೆ ಅವನನ್ನು ತಡೆಯುತ್ತಿದ್ದರು.

“ಏನಪ್ಪಾ, ಇವತ್ತು ಎಷ್ಟು ತಲೆ ತಂದೆ?”

“ಎರಡು, ಪಾಟಿ. ನಿಮಗೊಂದು ಕೊಡಲಾ? ಒಳಗೆ ಖಾಲಿ ಇದೆ.”

“ನಂದೂ ಖಾಲಿನೇ. ಎರಡೆರಡು ಇಟ್ಕೊಂಡು ಏನ್ ಮಾಡ್ಲಿ!”

ಹಾಗೆ ಬಂದದ್ದೇ ಈ ಹಳದಿ ಹೆಲ್ಮೆಟ್. ಮೇಲೆ ಮೂರು ಕಪ್ಪು ಗೆರೆ, ಒಂದು ಗೀರಿಲ್ಲ. ಅದೇ ಸಮಯಕ್ಕೆ ನಮ್ಮ ಯಜಮಾನರ ಹೆಲ್ಮೆಟ್ ಸ್ಟೇಷನ್ ಹತ್ತಿರ ಕಳವಾಗಿತ್ತು. ಇದನ್ನು ಇವರಿಗೆ ಕೊಡೋ ಅಂತ ಅಣ್ಣನನ್ನು ಕೇಳಿದೆ. ಅವನು ನನ್ನ ಹೆಬ್ಬೆರಳು ಹಿಡಿದು ಹೆಲ್ಮೆಟ್ಟಿನ ಒಳಗೆ ಒತ್ತಿಸಿದ. ಪುಡಿಪುಡಿಯಾಗಿ ಉದುರಿತು.

“ನೋಡಿದ್ಯಾ? ಮೇಲೆ ಹೊಸದು, ಒಳಗೆ ರಸ್ಕು. ಗಂಡನ ತಲೆ ಬೇಡ್ವೇನೇ ನಿಂಗೆ?”

ನಾನು ನಕ್ಕೆ. ಒಳಗೆ ಸಿಟ್ಟು ಬಂದಿತ್ತು. ಒಂದು ಚೀಟಿ ಓದುವುದಕ್ಕೆ ಬಂದ ಮಾತ್ರಕ್ಕೆ ನನಗೇ ಆಫೀಸರನಾಗಿಬಿಟ್ಟ ಅನಿಸಿತು.

ರೇಸಿನ ವಾರದಲ್ಲಿ ಅಣ್ಣ ಮೈದಾನದಲ್ಲೇ ಉಳಿಯುತ್ತಿದ್ದ. ನಾನು ಮನೆಯಲ್ಲೇ ಸ್ಕೂಲ್ ಬ್ಯಾಗ್ ಹೊಲಿದು ಕೊಡುವವಳು. ಅವನು ಅತ್ತ ಹೋದ ಮೇಲೆ ಬ್ಯಾಗಿಗೆ ಹಾಕುವ ಪಟ್ಟಿಯ ತುಂಡು ತೆಗೆದುಕೊಂಡು, ಕತ್ತರಿಸಿದ್ದ ಎರಡು ತುದಿಗಳನ್ನು ಸೇರಿಸಿ ಹೊಲಿದೆ. ಮಿಷನ್ನಿಗೆ ಸಿಗುವಂಥದ್ದಲ್ಲ, ದಬ್ಬಳ ಹಿಡಿದು ಕೈಯಲ್ಲೇ ಹೊಲಿದೆ. ಬ್ಯಾಗಿನ ಪಟ್ಟಿಗೆ ಎಲ್ಲರೂ ಒಂದು ಚೌಕ ಹೊಲಿದು ಅಡ್ಡಗೀಟು ಹಾಕುತ್ತಾರೆ. ನಾನು ಚೌಕದೊಳಗೆ ಇನ್ನೊಂದು ಚೌಕ ಹಾಕುತ್ತೇನೆ. ಮಕ್ಕಳು ಎಳೆದಾಡಿದರೂ ಬಿಡುವುದಿಲ್ಲ. ಯಜಮಾನರಿಗೆ “ಅಣ್ಣ ಕೊಟ್ಟ” ಅಂತ ಹೇಳಿದೆ. ಉದುರಿದ ಪುಡಿಯನ್ನು ಕಣ್ಣಾರೆ ಕಂಡವಳು ನಾನು... ಆದರೂ ಹೇಳಿದೆ.

ಮೂರನೇ ದಿನ ಅಣ್ಣನ ಫೋನು ಬಂತು.

“ಕನ್ನಡಕ ಮನೇಲೇ ಬಿಟ್ಟಿದ್ದೀನಿ ಕಣೇ. ಚೀಟಿ ಓದಕ್ಕಾಗ್ತಿಲ್ಲ. ಭಾವನ ಕೈಲಿ ಕಳ್ಸು.”

ಕನ್ನಡಕದ ಡಬ್ಬಿಯನ್ನು ನಾನೇ ಇವರ ಜೇಬಿಗೆ ಹಾಕಿ, ಬೇಗ ಹೋಗಿ ಅಂತ ಅವಸರ ಮಾಡಿದೆ. ಇವರ ತಲೆಯ ಮೇಲೆ ಏನಿದೆ ಅನ್ನುವುದು ಹೊಳೆಯಲೇ ಇಲ್ಲ.

ಗೇಟಿನಲ್ಲಿ ದೊಡ್ಡ ಸಾರ್ ನಿಂತಿದ್ದರಂತೆ. ಆ ಹಳದಿ ಬಣ್ಣ ಅವರಿಗೆ ಚೆನ್ನಾಗಿ ಗುರುತಿತ್ತು. ಎಲ್ಲಿಂದ ಬಂತು ಇದು ಅಂತ ಕೇಳಿದರು. “ಮಚ್ಚಾನ್ ಕುಡುತ್ತಾರ್ ಸಾರ್,” ಹೆಂಡತಿಯ ಅಣ್ಣ ಕೊಟ್ಟರು ಅಂತ ಇವರು ಹೆಮ್ಮೆಯಿಂದಲೇ ಹೇಳಿದರು. ಅಣ್ಣನನ್ನು ಕರೆಸಿದರು. ಅವನು ಕನ್ನಡಕ ಹಾಕಿಕೊಂಡು, ಪಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿ, “ತಪ್ಪು ನಂದೇ ಸಾರ್” ಅಂದನಂತೆ. ಅಷ್ಟೇ ಅಂದದ್ದು.

ಆ ಮಧ್ಯಾಹ್ನವೇ ಅಣ್ಣ ಹಳದಿ ಹೆಲ್ಮೆಟ್ ಹಿಡಿದುಕೊಂಡು ಮನೆಗೆ ಬಂದ. ನಾನು ಮಿಷನ್ ತುಳಿಯುತ್ತಿದ್ದೆ. ಅಷ್ಟರಲ್ಲಿ ಇವರು ಫೋನಿನಲ್ಲಿ ಎಲ್ಲ ಹೇಳಿಯಾಗಿತ್ತು. ಅಣ್ಣ ಹೊಸ್ತಿಲ ಮೇಲೆ ಕೂತು ನೀರು ಕುಡಿದ.

“ನಾಳೆಯಿಂದ ಹೋಗೋದಿಲ್ಲ,” ಅಂದ. ಲೋಟ ಕೆಳಗಿಟ್ಟು, “ಯಾರು ಹೊಲಿದ್ರೋ, ಗಟ್ಟಿಯಾಗಿ ಹೊಲಿದಿದ್ದಾರೆ.”

“ಹೌದಾ?” ಅಂದೆ. ಸಾರು ಉಕ್ಕುತ್ತಿದೆ ಅಂತ ಎದ್ದು ಒಳಗೆ ಹೋದೆ. ಒಲೆಯ ಮೇಲೆ ಸಾರೇ ಇರಲಿಲ್ಲ.

ಆ ಸಾರ್ ಹತ್ತಿರ ಹೋಗಿ ನಾನೇ ಹೊಲಿದದ್ದು ಅಂತ ಹೇಳಿದ್ದರೆ ಅವನ ಕೆಲಸ ಉಳಿಯುತ್ತಿತ್ತೇನೋ. ಹೋಗಬೇಕು ಅಂತ ಎರಡು ಸಲ ಸೀರೆ ಉಟ್ಟೆ. ಎರಡು ಸಲವೂ ತೆಗೆದೆ. ಇವರು ಯಾವನೋ ಚಪ್ಪಲಿ ಹೊಲಿಯುವವನ ಹತ್ತಿರ ಹೊಲಿಸಿರಬೇಕು ಅಂತ ಅಣ್ಣ ಅಂದುಕೊಂಡಿರಬಹುದು ಅಂತ ನನಗೆ ನಾನೇ ಹೇಳಿಕೊಂಡೆ. ವರ್ಷಗಟ್ಟಲೆ ಹೇಳಿಕೊಂಡೆ.

ಅಣ್ಣ ಮಾಧವರಂನ ಒಂದು ಅಪಾರ್ಟ್‌ಮೆಂಟಿನಲ್ಲಿ ವಾಚ್‌ಮನ್ ಆದ. ಅಲ್ಲೇ ಉಳಿದುಕೊಂಡ. ನಾನು ಹೋದಾಗೆಲ್ಲ ಗೇಟಿನಲ್ಲಿ ಬೈಕಿನವರನ್ನು ತಡೆದು, ಪಟ್ಟಿ ಹಾಕಿಕೊಳ್ಳಿ ಸಾರ್ ಅಂತ ಗೋಗರೆಯುತ್ತಿದ್ದ. ಅವರು ನಗುತ್ತಿದ್ದರು. ನಾನು ತಂದ ರೊಟ್ಟಿ ಚಟ್ನಿಯನ್ನು ಮೆಚ್ಚಿಕೊಂಡು ತಿನ್ನುತ್ತಿದ್ದ. ತಿಂದು ಮುಗಿಸಿ ನನ್ನ ಮುಖವನ್ನೇ ನೋಡುತ್ತಾ ಕೂರುತ್ತಿದ್ದ... ನಾನು ಬಸ್ಸಿಗೆ ಹೊತ್ತಾಯಿತು ಅಂತ ಏಳುತ್ತಿದ್ದೆ. ಒಂದು ದಿನ ಎದೆನೋವು ಅಂತ ಆಸ್ಪತ್ರೆಗೆ ಹೋದವನು ಬರಲಿಲ್ಲ.

ನಿನ್ನೆ ಮಗಳು, ಗಿಡವನ್ನಾದರೂ ಹಾಕೋಣ ಅಂತ ಹೆಲ್ಮೆಟ್ಟಿನೊಳಗೆ ಕೈ ಹಾಕಿದಳು. ಸ್ಪಂಜಿನ ಹಿಂದೆ ಅಣ್ಣನ ಕನ್ನಡಕದ ಡಬ್ಬಿ ಸಿಕ್ಕಿತು. ತೆರೆದಳು. ಕನ್ನಡಕದ ಜೊತೆ ಬೆರಳುದ್ದದ ಒಂದು ಪಟ್ಟಿಯ ತುಂಡು ಮಡಿಸಿಟ್ಟಿತ್ತು. ಹೊಲಿಗೆಗೆ ಎಲ್ಲೂ ತಾಗದ ಹಾಗೆ, ಎರಡೂ ಕಡೆ ನೇರವಾಗಿ ಕತ್ತರಿಸಿದ್ದ. ಚೌಕದೊಳಗೆ ಚೌಕ.

ಮಗಳು ಒಂದು ಸಲ ನೋಡಿದಳು ಅಷ್ಟೇ.

“ಇದು ನೀ ತಚ್ಚದುದಾನೇಮ್ಮಾ? ಎನ್ ಸ್ಕೂಲ್ ಬ್ಯಾಗ್ ಮಾದಿರಿಯೇ ಇರುಕ್ಕು.”

ನೀನು ಹೊಲಿದದ್ದು ತಾನೇ, ನನ್ನ ಸ್ಕೂಲ್ ಬ್ಯಾಗಿನ ಥರವೇ ಇದೆ ಅಂದಳು. ಅವಳಿಗೇ ಒಂದು ನೋಟಕ್ಕೆ ಗೊತ್ತಾಯಿತು. ಅಣ್ಣ ದಿನಾ ನನ್ನ ಮಿಷನ್ ಪಕ್ಕ ಕೂತು ಕಾಫಿ ಕುಡಿದವನು.

“ಹೌದು ಕಣೇ,” ಅಂದೆ. “ನಾನೇ ಹೊಲಿದದ್ದು.”

ಅವಳು ಸರಿ ಅಂದು ಮತ್ತೆ ಸ್ಟೂಲು ಹತ್ತಿದಳು.

ಡಬ್ಬಿಯನ್ನು ಮಿಷನ್ನಿನ ಖಾನೆಯಲ್ಲಿಟ್ಟಿದ್ದೇನೆ. ಹೆಲ್ಮೆಟ್ಟಿಗೆ ಇನ್ನೂ ಜಾಗ ಸಿಕ್ಕಿಲ್ಲ. ಅಣ್ಣ ಇದ್ದಿದ್ದರೆ ಅದನ್ನೊಮ್ಮೆ ತಿರುಗಿಸಿ ನೋಡಿ, ಇದು ಇಂಥದ್ದಕ್ಕಾಗುತ್ತೆ ಅಂತ ಹೇಳಿಬಿಡುತ್ತಿದ್ದ.