ಹುಳ ಹಣ್ಣಾದ ಸುದ್ದಿ

ಹೋದ ತಿಂಗಳು ಕುಣಿಗಲ್ ರಸ್ತೆಯ ಹೊಸ ಹೋಟೆಲೊಂದರಲ್ಲಿ ನಾನೂ ಹೆಂಡತಿಯೂ ದೋಸೆಗೆ ಕಾಯುತ್ತ ಕೂತಿದ್ದೆವು. ಗೋಡೆಗೆ ಹಳೆಯ ಚಂದ್ರಿಕೆಯೊಂದನ್ನು ನೇತುಹಾಕಿ, ಸುತ್ತ ಸಣ್ಣ ಬಲ್ಬಿನ ಸರ ಬಿಟ್ಟಿದ್ದರು. ಬಿದಿರು ತಟ್ಟಿಯ ಮೇಲೆ ದಬ್ಬೆಯನ್ನು ಸುರುಳಿ ಸುತ್ತಿ ಮಾಡಿದ, ರೇಷ್ಮೆಹುಳ ಗೂಡು ಕಟ್ಟಲೆಂದು ಬಿಡುವ ಚಂದ್ರಿಕೆ ಈಗ ಅಲಂಕಾರದ ಸಾಮಾನು. ನಾನು ಎದ್ದು ಹೋಗಿ ಅದಕ್ಕೆ ಮೂಗು ಹಚ್ಚಿದೆ. ವಾರ್ನಿಶ್ ವಾಸನೆ. ಅದರ ಅಡಿಯಲ್ಲೆಲ್ಲೋ ಬಾಡಿದ ಹಿಪ್ಪುನೇರಳೆ ಸೊಪ್ಪು, ಸುಣ್ಣ, ಹುಳದ ಹಿಕ್ಕೆ... ನಿಜವಾಗಿ ಇತ್ತೋ, ನಾನೇ ಅಂದುಕೊಂಡೆನೋ. ಸಪ್ಲೈಯರ್ ನನ್ನನ್ನೇ ನೋಡಿ ನಗುತ್ತಿದ್ದ. ಹೆಂಡತಿ ಮಾತ್ರ ನಗಲಿಲ್ಲ.

"ದೊಡ್ಡಮ್ಮನ ಮನೆ ವಾಸನೆ ಇದೆಯಾ?" ಅಂದಳು.

ಎಂಬತ್ತರ ದಶಕದ ಕೊನೆಯ ಮಾತು. ಕುಣಿಗಲ್ ಕಡೆಯ ಹಳ್ಳಿಯೊಂದರ ಶಾಲೆಗೆ ನಾನು ಮೇಷ್ಟರಾಗಿ ಹೋದೆ. ಮದುವೆ ಹೊಸದು, ಇಬ್ಬರೂ ತುಮಕೂರು ಪೇಟೆಯಲ್ಲಿ ಬೆಳೆದವರು. ಹಳ್ಳಿಯಲ್ಲಿ ಕಂಡದ್ದನ್ನೆಲ್ಲ ಒಮ್ಮೆ ಮಾಡಿ ನೋಡಬೇಕೆಂಬುದು ಅವಳ ಸಂಕಲ್ಪ. ಅದರಿಂದ ಏನೇನು ಅನಾಹುತವಾಗಬಹುದೆಂದು ಮೊದಲೇ ಯೋಚಿಸಿಡುವುದು ನನ್ನ ಪಾಲಿನ ಕೆಲಸ. ಸೊಂಟಕ್ಕೆ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿಯಲು ಬಾವಿಗಿಳಿದೆ. ಬುರುಡೆ ತೇಲಿತು, ನಾನಲ್ಲ. ಕೋಳಿ ಸಾಕಿದೆವು, ಮುಂಗುಸಿಗಾಗಿ. ಎಮ್ಮೆ ಕರೆಯಲು ಕೂತ ಅವಳು ತಂಬಿಗೆ ಸಮೇತ ಸಗಣಿಯಲ್ಲಿ ಬಿದ್ದೆದ್ದಳು. ಇಷ್ಟೆಲ್ಲ ಆದ ಮೇಲೆ ಅವಳ ಕಣ್ಣು ಪಕ್ಕದ ಮನೆಯ ಹುಳದ ಮೇಲೆ ಬಿತ್ತು.

ಪಕ್ಕದ ಮನೆಯವರನ್ನು ನಾವು ದೊಡ್ಡಮ್ಮ ಎನ್ನುತ್ತಿದ್ದೆವು. ಗಂಡ ಇರಲಿಲ್ಲ, ಒಬ್ಬಳೇ ಮಗಳನ್ನು ಗುಬ್ಬಿಗೆ ಕೊಟ್ಟಿದ್ದರು. ಮನೆಯಲ್ಲಿ ಅವರೂ ಹುಳವೂ. ಹುಳದ ಕೋಣೆಗೆ ಹೊರಗಿನವರ ನೆರಳೂ ಬೀಳುವಂತಿರಲಿಲ್ಲ. ನನ್ನ ಹೆಂಡತಿ ಮೊದಲ ಸಲ ಸಾರಿಗೆ ಒಗ್ಗರಣೆ ಹಾಕಿದ ದಿನ, ಸಾಸಿವೆ ಚಿಟಪಟ ಅನ್ನುವ ಮೊದಲೇ ಅವರು ನಮ್ಮ ಬಾಗಿಲಲ್ಲಿದ್ದರು.

"ಏನೇ ಹುಡ್ಗಿ, ನನ್ ಹುಳ ಸಾಯ್ಸೀಯ? ಘಾಟು ತಡೀತವಾ ಅವು? ಗೂಡು ಬಿಡ್ಸಾಗಂಟ ಒಗ್ಗರಣೆ ಮಾತೇ ಆಡ್ಬೇಡ!"

ಹೀಗಾಗಿ ನಮ್ಮ ದಾಂಪತ್ಯದ ಮೊದಲ ದಿನಗಳು ಒಗ್ಗರಣೆಯಿಲ್ಲದ ಸಾರಿನಲ್ಲಿ ಕಳೆದವು. ಇವಳು ಹಿಂದೆ ಬಿದ್ದು ಕಾಡಿದ್ದಕ್ಕೆ, ಮುಂದಿನ ಬೆಳೆಯಲ್ಲಿ ದೊಡ್ಡಮ್ಮ ಒಂದು ಮೊರದ ತುಂಬ ಮರಿಹುಳ ಕೊಟ್ಟರು. ಅವು ಪೊರೆ ಬಿಡುವ ಮುನ್ನ ತಿನ್ನದೆ ತಲೆಯೆತ್ತಿ ಸುಮ್ಮನೆ ಕೂರುತ್ತವೆ. ಅದನ್ನು ಅಲ್ಲಿ ಜ್ವರ ಎನ್ನುತ್ತಾರೆ. ಜ್ವರ ಅಂದಕೂಡಲೇ ನನಗೆ ನಿದ್ದೆ ಹೋಯಿತು. ಸತ್ತಿದೆಯಾ ಎಂದು ಒಂದನ್ನು ಕಡ್ಡಿಯಿಂದ ಮುಟ್ಟಿದೆ.

"ರೀ, ಚುಚ್ಚಬೇಡಿ. ನೀವು ಮಲಗಿದಾಗ ನಾನು ಚುಚ್ತೀನಾ?" ಅಂದಳು ಹೆಂಡತಿ.

ನಮ್ಮ ಹುಳಗಳು ನಾಲ್ಕನೆಯ, ಕೊನೆಯ ಜ್ವರದಿಂದ ಎದ್ದವು. ಅದೇ ಹೊತ್ತಿಗೆ ದೊಡ್ಡಮ್ಮ ಸೊಪ್ಪಿನ ಹೊರೆ ಇಳಿಸಿ, ಹೊಟ್ಟೆ ಹಿಡಿದು ಜಗುಲಿಯ ಮೇಲೆ ಕುಸಿದರು. ನೋವು ಹಳೆಯದಂತೆ, ಯಾರಿಗೂ ಹೇಳಿರಲಿಲ್ಲ. ಕುಣಿಗಲ್ಲಿನ ಡಾಕ್ಟರು ಹೊಟ್ಟೆ ಒತ್ತಿ ನೋಡಿ, ಗಡ್ಡೆ ಇದೆ, ತಡಮಾಡದೆ ತುಮಕೂರಿಗೆ ಹೋಗಿ ಆಪರೇಷನ್ ಮಾಡಿಸಿಕೊಳ್ಳಿ ಅಂದರು.

"ಹುಳ ತಿನ್ನೋ ಕಾಲ ಇದು. ಗೂಡು ಕಟ್ಲಿ, ಆಮ್ಯಾಕೆ ಹೋದ್ರಾಯ್ತು ಬುಡಿ," ಅಂದರು ದೊಡ್ಡಮ್ಮ.

ಗುಬ್ಬಿಯಿಂದ ಬಂದ ಮಗಳು ಅತ್ತಳು. ನಾನು ಮೇಷ್ಟರ ದನಿಯಲ್ಲಿ ಬುದ್ಧಿ ಹೇಳಿದೆ. ಅದು ನನ್ನ ಕ್ಲಾಸಿನಲ್ಲೇ ಯಾರೂ ಕೇಳದ ದನಿ. ಕೊನೆಗೆ ನನ್ನ ಹೆಂಡತಿ, "ನಾನು ನೋಡ್ಕೋತೀನಿ, ದೊಡ್ಡಮ್ಮ" ಅಂದಳು. ಅವರು ಎದ್ದು ಬಂದು ನಮ್ಮ ಮೊರದ ಮುಂದೆ ಕೂತರು. ಒಂದು ಹುಳವನ್ನು ಅಂಗೈಯಲ್ಲಿಟ್ಟು ತಿರುಗಿಸಿ ನೋಡಿದರು.

"ನಿನ್ ಕೈ ಒಗ್ಗೈತೆ ಕಣವ್ವ," ಅಂದರು. ನಮ್ಮಿಬ್ಬರ ಕಾಲಿಗೂ ನೀರು ಕೊಟ್ಟು, ಹುಳದ ಕೋಣೆಯ ಬಾಗಿಲು ತೆಗೆದರು. ಆಮೇಲೆ ಮಗಳ ಜೊತೆ ಬಸ್ಸು ಹತ್ತಿದರು.

ಶಾಲೆಗೆ ಮುಂಚೆ ಸೊಪ್ಪು, ಶಾಲೆ ಬಿಟ್ಟ ಮೇಲೆ ಸೊಪ್ಪು. ತಟ್ಟೆ ತಟ್ಟೆ ಹುಳ, ಹಾಕಿ ತಿರುಗುವಷ್ಟರಲ್ಲಿ ಬರೀ ಕಡ್ಡಿ. ಬೆಳಗಿನ ತುಮಕೂರು ಬಸ್ಸಿನ ಕಂಡಕ್ಟರು ಶಾಲೆಯ ಮುಂದೆ ಇಳಿದು, ದೊಡ್ಡಮ್ಮ ಆಸ್ಪತ್ರೆಯಿಂದ ಹೇಳಿಕಳಿಸಿದ ಪ್ರಶ್ನೆ ಒಪ್ಪಿಸುತ್ತಿದ್ದ: ಸೊಪ್ಪು ಸಾಲ್ತದಾ, ಇರುವೆ ಹತ್ತವಾ, ಮೇಷ್ಟ್ರು ಬೀಡಿ ಸೇದಿ ಒಳಗೆ ಹೋಗಿಲ್ಲ ತಾನೆ? ನಾನು ಜನ್ಮದಲ್ಲಿ ಬೀಡಿ ಸೇದಿದವನಲ್ಲ, ಆದರೂ ಕೈ ಮೂಸಿ ನೋಡಿಕೊಂಡೆ. ರಕ್ತ ಕೊಟ್ಟು ಸುಧಾರಿಸುತ್ತಿದ್ದಾರೆ, ಈ ವಾರವೇ ಆಪರೇಷನ್ ಎಂದೂ ಅವನೇ ಹೇಳಿದ.

ಒಂದು ಬೆಳಗ್ಗೆ ಹೆಂಡತಿ ಹುಳದ ಕೋಣೆಯಿಂದ ಕೂಗಿದಳು. ಹುಳಗಳು ಸೊಪ್ಪು ಮುಟ್ಟದೆ, ಮೈ ಹೊನ್ನಬಣ್ಣಕ್ಕೆ ತಿರುಗಿ, ತಲೆ ಎತ್ತಿ ಆಡಿಸುತ್ತಿದ್ದವು. ಗೂಡು ಕಟ್ಟಲು ಸಿದ್ಧವಾಗಿ ಹಣ್ಣಾಗಿದ್ದವು! ಒಂದೂ ರೋಗಕ್ಕೆ ಹೋಗಿರಲಿಲ್ಲ. ಅವಳು ಸಂತೋಷಕ್ಕೆ ಕುಣಿದಳು, ನಾನೂ ಕುಣಿದೆ ಎಂದು ಈಗಲೂ ಹೇಳುತ್ತಾಳೆ. ಸಂಜೆ ತುಮಕೂರಿಗೆ ಮರಳುವ ಬಸ್ಸಿಗೆ ನಾನೇ ಓಡಿಹೋಗಿ ಕಂಡಕ್ಟರ ಕೈಯಲ್ಲಿ ಹೇಳಿಕಳಿಸಿದೆ: ಹುಳ ಹಣ್ಣಾಗಿವೆ, ನಿಶ್ಚಿಂತೆಯಾಗಿ ಮಲಗಿರಿ.

ಮಾರನೆಯ ಬೆಳಗಿನ ಬಸ್ಸಿನಿಂದ ದೊಡ್ಡಮ್ಮ ಇಳಿದರು. ಮುಂಗೈಗೆ ಅಂಟಿಸಿದ್ದ ಪಟ್ಟಿ ಹಾಗೇ ಇತ್ತು. ಹಿಂದೆ ಮಗಳು ಅಳುತ್ತ ಬರುತ್ತಿದ್ದಳು. ನಾನು ಬಾಯಿಬಿಟ್ಟು ನಿಂತದ್ದು ನೋಡಿ ಕಂಡಕ್ಟರೇ ಹೇಳಿದ: "ಏನ್ ಮೇಷ್ಟ್ರೇ ನೀವು! ಹಣ್ಣಾದ್ವು ಅಂತ ಹೇಳ್ಕಳ್ಸಿದ್ರೆ ಯಾವಳು ಮಂಚದ್ಮೇಲೆ ಮಲಗ್ತಾಳೆ? ಬಾಣಂತಿಯಾದ್ರೂ ಎದ್ದು ಬತ್ತಾಳೆ. ಮಲಗಿ ಅಂದಿದ್ದು ಬರೀ ಮರ್ವಾದೆಗೆ, ಬರಾಕೇ ಹೇಳಿದ್ರಿ ಅಂದ್ಕಂಡೆ ನಾನು."

ಹುಳ ಹಣ್ಣಾದ ಸುದ್ದಿಯೆಂದರೆ ಆ ಸೀಮೆಯಲ್ಲಿ ಕರೆ. ಒಂದೆರಡು ದಿನದೊಳಗೆ ಎಲ್ಲವನ್ನೂ ಆಯ್ದು ಚಂದ್ರಿಕೆಗೆ ಬಿಡದಿದ್ದರೆ ಬೆಳೆ ಹಾಳು. ಮದುವೆಮನೆಯ ಊಟದೆಲೆ ಬಿಟ್ಟು ಜನ ಏಳುತ್ತಾರೆ. ನಮಗದು ಗೊತ್ತಿರಲಿಲ್ಲ. ಒಳ್ಳೆಯ ಸುದ್ದಿ ಕೇಳಿದರೆ ರೋಗಿ ನೆಮ್ಮದಿಯಾಗಿ ಮಲಗುತ್ತಾರೆಂದು ನಾವು ಓದಿದವರು ತಿಳಿದಿದ್ದೆವು.

"ನಾಳೆ ಆಪರೇಷನ್ ಅಲ್ವಾ ದೊಡ್ಡಮ್ಮ, ಹೋಗೋಣ ನಡೀರಿ," ಎಂದು ಹೆಂಡತಿ ಕೈ ಹಿಡಿದಳು.

"ಸುಮ್ನಿರೇ. ಇವಳ ಹೆರಿಗೇಲಿ ನಾನು ಇಲ್ದೆ ಇದ್ನಾ?" ಎಂದು ಮಗಳನ್ನು ತೋರಿಸಿ ಒಳಗೆ ಹೋದರು.

ನೆಲಕ್ಕೆ ಕೂತು, ಒಂದು ಕೈಯಲ್ಲಿ ಹೊಟ್ಟೆ ಒತ್ತಿ ಹಿಡಿದು, ಇನ್ನೊಂದರಲ್ಲಿ ಹುಳ ಆಯ್ದು ಚಂದ್ರಿಕೆಯ ಮೇಲೆ ಬಿಟ್ಟರು. ನಾವು ತಟ್ಟೆ ಹಿಡಿದು ನಿಂತೆವು. ಬೇರೇನು ಮಾಡಬಹುದಿತ್ತೋ... ಎತ್ತಿಕೊಂಡು ಹೋಗಬಹುದಿತ್ತೇ? ನಡುನಡುವೆ ಅವರು ಉಸಿರು ಬಿಗಿಹಿಡಿದು ಕಣ್ಣು ಮುಚ್ಚುತ್ತಿದ್ದರು. ಆದರೆ ಅಷ್ಟು ಸಂತೋಷವಾಗಿದ್ದ ಮುಖವನ್ನೂ ನಾನು ಹೆಚ್ಚು ನೋಡಿಲ್ಲ.

ಗೂಡು ಚೆನ್ನಾಗಿ ಬಂತು. ಬಿಡಿಸಿದ ಮೇಲೆ ಹೋಗ್ತೀನಿ ಅಂದರು; ಬಿಡಿಸಿದ ಮೇಲೆ, ತೋಟದ ಹಿಪ್ಪುನೇರಳೆ ಕತ್ತರಿಸಿ ಗೊಬ್ಬರ ಕೊಟ್ಟು ಹೋಗ್ತೀನಿ ಅಂದರು. ಕೊನೆಗೆ ಮಗಳು ಹಟಮಾಡಿ ಕರೆದುಕೊಂಡು ಹೋದಾಗ, ಡಾಕ್ಟರು ಕೊಯ್ದು ನೋಡಿ, ಏನನ್ನೂ ತೆಗೆಯದೆ ಹಾಗೇ ಹೊಲಿದರು. ಕತ್ತರಿಸಿದ ಗಿಡ ಚಿಗುರಿ ಸೊಪ್ಪು ಕೊಯ್ಲಿಗೆ ಬಂದಾಗ ದೊಡ್ಡಮ್ಮ ಇರಲಿಲ್ಲ.

ಈ ವಾರ ತುಮಕೂರಿನಲ್ಲಿ ನನ್ನ ಹೆಂಡತಿಗೆ ಪಿತ್ತಕೋಶದ ಕಲ್ಲು ತೆಗೆದರು. ಸಣ್ಣ ಆಪರೇಷನ್, ಹೆದರಬೇಡಿ ಎಂದು ಡಾಕ್ಟರು ಅವಳಿಗಿಂತ ನನಗೇ ಹೆಚ್ಚು ಸಲ ಹೇಳಿದರು. ಆಪರೇಷನ್ನಿನ ಹಿಂದಿನ ಸಂಜೆ ಫ್ಲಾಸ್ಕು ಹಿಡಿದು ವಾರ್ಡಿಗೆ ಹೋದೆ.

"ಮನೇಲಿ ಹೇಗಿದೆ?" ಅಂದಳು.

ಎಲ್ಲ ಚೆನ್ನಾಗಿದೆ ಎನ್ನಲು ಬಾಯಿ ತೆರೆದೆ. ಮುಂಗೈಗೆ ಪಟ್ಟಿ ಅಂಟಿಸಿಕೊಂಡೇ ಬಸ್ಸಿಳಿದ ದೊಡ್ಡಮ್ಮ ನೆನಪಾದರು. ಚೆನ್ನಾಗಿಲ್ಲ ಎನ್ನುವುದಕ್ಕೂ ಆಗಲಿಲ್ಲ. ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ ನಿಂತೆ. ಅವಳು ಫ್ಲಾಸ್ಕನ್ನು ನನ್ನ ಕೈಯಿಂದ ತೆಗೆದು ಪಕ್ಕಕ್ಕಿಟ್ಟಳು.

"ಬಿಡಿ, ಏನೂ ಹೇಳ್ಬೇಡಿ," ಎಂದು ಗೋಡೆಯ ಕಡೆ ತಿರುಗಿ ಮಲಗಿದಳು.