ಪಟ್ಟಿಯೊಳಗೆ ನುಗ್ಗಿದ ಒಂಟೆ

ಈ ಕಥೆಯಲ್ಲಿ ಬರುವ ಒಂಟೆಯೂ ನಿಜ, ಅದು ಟೈಪ್ ಮಾಡಿದ್ದೂ ನಿಜ. ನಗುವವರು ಈಗಲೇ ಒಮ್ಮೆ ನಕ್ಕು ಹಗುರಾಗಿಬಿಡಿ. ಯಾಕೆಂದರೆ ಆ ಬೆಳಗ್ಗೆ ಫೈಲಮ್ಮನವರಿಗೆ ನಗುವುದಿರಲಿ, ಉಸಿರಾಡುವುದೂ ಮರೆತುಹೋಗಿತ್ತು.

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕುಡಿತ ಬಿಡಿಸುವ ಕೇಂದ್ರದ ಕೆಳಮಹಡಿಯಲ್ಲಿ, ಮೆಟ್ಟಿಲ ಪಕ್ಕದ ದಾಖಲೆ ಕೋಣೆಗೆ ಮಾತ್ರ ದೀಪ. ಶಾಲಾ ವ್ಯಾನಿನ ಚಾಲಕರೊಬ್ಬರು ಮೇಜಿನ ಮುಂದೆ ನಿಂತು, ಕುಡಿದಿದ್ದರೆ ಅಂಕಿ ತೋರಿಸುವ ಪುಟ್ಟ ಯಂತ್ರವೊಂದಕ್ಕೆ ಕೆನ್ನೆ ಉಬ್ಬಿಸಿ ಊದುತ್ತಾರೆ. ಅವರು ಕುಡಿತ ಬಿಟ್ಟು ವರ್ಷಗಳಾದವು, ಈ ಕೆಲಸ ಸಿಕ್ಕಿದ್ದು ಅದಾದ ಮೇಲೆ. ಬಂದು ಊದು ಎಂದು ಯಾರೂ ಹೇಳಿಲ್ಲ. ಮಕ್ಕಳನ್ನು ಹತ್ತಿಸಿಕೊಳ್ಳುವ ಮುಂಚೆ ತಾವಾಗಿಯೇ ಬರುತ್ತಾರೆ.

“ಸೊನ್ನೆ,” ಎನ್ನುತ್ತಾರೆ ಕೇಂದ್ರದ ದಾಖಲೆ ನೋಡಿಕೊಳ್ಳುವ ಫೈಲಮ್ಮ.

“ಸೊನ್ನೆ ಬಂತು ಅಂತ ಕುಣಿಯೋ ವಿದ್ಯಾರ್ಥಿ ನಾನೊಬ್ಬನೇ ಕಣಕ್ಕ.”

“ಕುಣೀರಿ, ತೂರಾಡ್ಬೇಡಿ ಅಷ್ಟೆ. ಹೊತ್ತಾಯ್ತು, ಹೊರಡಿ.”

ಅವರು ಹೋದ ಮೇಲೆ ಆ ಸೊನ್ನೆಯನ್ನು ಪಟ್ಟಿಗೆ ಹಾಕಲು ಫೈಲಮ್ಮ ಪರದೆಯತ್ತ ತಿರುಗುತ್ತಾರೆ. ಅಂತರ್ಜಾಲದಲ್ಲಿ ಬಿಟ್ಟಿಯಾಗಿ ಸಿಗುವ ಲೆಕ್ಕದ ಹಾಳೆ ಅದು. ಕೇಂದ್ರಕ್ಕೆ ಬಂದವರ ಹೆಸರು, ವಿಳಾಸ, ಚಟ, ಬಿಟ್ಟ ದಿನ, ಮತ್ತೆ ಜಾರಿದ ದಿನ ಎಲ್ಲವೂ ಅದರಲ್ಲೇ. ಹಾಳೆಯ ಮೂಲೆಯಲ್ಲಿ ಒಂದು ಒಂಟೆ ಕೂತಿದೆ. ಹೆಸರು ಹೇಳದೆ ಒಳಗೆ ಬಂದವರಿಗೆ ಆ ಹಾಳೆ ತಾನೇ ಒಂದು ಪ್ರಾಣಿಯ ಹೆಸರಿಡುತ್ತದೆ. ಒಂಟೆ ಒಂಟಿಯಾಗಿಯೇ ಬಂದಿದೆ. ಬಂದದ್ದು ಹೆಸರುಗಳ ಸಾಲಿನಲ್ಲಿ ಮೆಲ್ಲಗೆ ಕೆಳಕ್ಕಿಳಿಯುತ್ತಿದೆ.

ಫೈಲಮ್ಮನವರ ಎದೆ ಧಸಕ್ಕೆನ್ನುತ್ತದೆ. ಏನು ಮಾಡಬೇಕೆಂದು ತೋಚದೆ ಒಂದು ಖಾಲಿ ಚೌಕದಲ್ಲಿ ಟೈಪಿಸುತ್ತಾರೆ: ‘ಯಾರು ನೀವು?’

ಒಂಟೆ ತುಸು ಹೊತ್ತು ಮೆಲುಕು ಹಾಕುತ್ತದೆ. ಪಕ್ಕದ ಚೌಕದಲ್ಲಿ ಒಂದೊಂದೇ ಅಕ್ಷರ ಮೂಡುತ್ತದೆ: ‘ನಾನು ಕಣಮ್ಮ, ಡಾಕ್ಟ್ರ ಮನೆಯವಳು. ಇದೇನಿದು?’

ಫೈಲಮ್ಮ ಗರಬಡಿದವರಂತೆ ಕೂತ ಕುರ್ಚಿ ಕೇಂದ್ರದಲ್ಲೇ ಹಳೆಯದು. ಅವರು ಇಲ್ಲಿಗೆ ಮೊದಲು ಬಂದದ್ದು ಕೆಲಸಕ್ಕಲ್ಲ, ಗಂಡನನ್ನು ಸೇರಿಸಲು. ಗಂಡ ಕುಡಿತ ಬಿಟ್ಟರು, ಈಗ ದರ್ಜಿ ಅಂಗಡಿಯಲ್ಲಿ ಕೋಟು ಹೊಲಿಯುತ್ತಾರೆ. ಆದರೆ ಅವರು ಒಳಗಿದ್ದ ಸುದ್ದಿ ಹೇಗೋ ಬೀದಿಗೆ ಬಿದ್ದು, ಮನೆಯ ಮಾಲೀಕ ಪಾತ್ರೆಪಗಡೆ ಸಮೇತ ಹೊರಗೆ ಹಾಕಿದ್ದ. “ಕುಡಿಯೋವಾಗ ಒಂದಿನ ಏನೂ ಅಂದಿರ್ಲಿಲ್ಲ ಆ ಮನುಷ್ಯ. ಬಿಡೋಕೆ ಹೋದ್ರು ಅಂತ ಗೊತ್ತಾದ್ಮೇಲೆ ಮರ್ಯಾದೆ ನೆನಪಾಯ್ತು,” ಎನ್ನುತ್ತಾರೆ. ಅಂದಿನಿಂದ ಫೈಲುಗಳ ಕಪಾಟಿನ ಬೀಗದಕೈ ಅವರ ಸೊಂಟ ಬಿಟ್ಟಿಲ್ಲ. ಕಂಪ್ಯೂಟರ್ ಬಂದ ಮೇಲೆ ಬೀಗವೇ ಇಲ್ಲದಾಯಿತು. “ಲಿಂಕ್ ಇದ್ದೋರಿಗೆಲ್ಲ ತೆರೆದಿಡು ಅಂದವರು ಡಾಕ್ಟ್ರು. ತೆರೆದಿಟ್ಟವಳು ನಾನೇ. ಇಬ್ಬರಿಗೂ ಸಮಪಾಲು.”

ಪಟ್ಟಿಯನ್ನು ನಮ್ಮದೇ ಯಂತ್ರಕ್ಕೆ ತಂದುಕೊಳ್ಳೋಣ ಎಂದು ಅವರು ಕೇಳಿದಾಗಲೆಲ್ಲ ಕೇಂದ್ರ ನಡೆಸುವ ಡಾಕ್ಟರು ಕೊಟ್ಟದ್ದು ಭಾಷಣ. ಫೈಲಮ್ಮ ಅದನ್ನು ಹಾಗೆಯೇ ಮಾಡಿ ತೋರಿಸುತ್ತಾರೆ. ಕನ್ನಡಕ ಮೂಗಿನ ತುದಿಗೆ ಬರುತ್ತದೆ, ಎರಡು ಬೆರಳು ಮೇಲೇಳುತ್ತವೆ, ದನಿ ಬಾವಿಯೊಳಗಿಂದ ಹೊರಡುತ್ತದೆ: “ನೋಡಮ್ಮಾ... ಮೂರು ವಿಷಯ. ಒಂದನೇದು, ಖರ್ಚಿಲ್ಲ. ಎರಡನೇದು, ಮೊಬೈಲಲ್ಲೂ ಕಾಣುತ್ತೆ. ಮೂರನೇದು...” ಮೂರನೆಯದು ಇವತ್ತಿನವರೆಗೂ ಡಾಕ್ಟರಿಗೇ ನೆನಪಾಗಿಲ್ಲ.

ಫೈಲಮ್ಮ ಡಾಕ್ಟರ ಹೆಂಡತಿಗೆ ಫೋನ್ ಹಚ್ಚುತ್ತಾರೆ. “ನಮ್ಮನೆಯವರೇ ಕಣಮ್ಮ ಕಳ್ಸಿರೋದು! ಫ್ಯಾಮಿಲಿ ಗ್ರೂಪಲ್ಲಿ, ಗುಲಾಬಿ ಹೂವಿನ ಶುಭೋದಯದ ಕೆಳಗೆ. ಎಂದೋ ಬಂದಿದೆ, ನಾನು ಇವತ್ತು ಒತ್ತಿದೆ.” ನೌಕರರ ಗುಂಪಿಗೆ ಹೋಗಬೇಕಿದ್ದ ಲಿಂಕ್ ದಾರಿ ತಪ್ಪಿ ಮನೆ ಸೇರಿತ್ತು.

“ಅಯ್ಯೋ ಮೇಡಂ, ಈಗ ಅವರಿಗೆ ಹೇಗೆ ಹೇಳ್ಲಿ?”

“ಹೇಳ್ಬೇಡ. ಹೇಳಿದ್ರೆ ಭಾಷಣ. ತೋರ್ಸೋಣ.”

ಫೈಲಮ್ಮ ಮೊದಲು ಹೆಸರುಗಳನ್ನೆಲ್ಲ ಕೋಣೆಯ ಕಂಪ್ಯೂಟರಿಗೆ ಇಳಿಸಿಕೊಂಡು ಹಾಳೆಯನ್ನು ಖಾಲಿ ಮಾಡುತ್ತಾರೆ. ತಮಾಷೆ ಅದಾದ ಮೇಲೆ.

ಬೆಳಗಿನ ಸಭೆ. ಗೋಡೆಯ ದೊಡ್ಡ ಪರದೆಯಲ್ಲಿ ಪಟ್ಟಿ ತೆರೆದರೆ ಬಟಾಬಯಲು. ಡಾಕ್ಟರು ಹೌಹಾರಿ ಎದ್ದು ನಿಲ್ಲುತ್ತಾರೆ. ಅಷ್ಟರಲ್ಲಿ ಯಾರೂ ಕೀಲಿಮಣೆ ಮುಟ್ಟದೆ ಅಕ್ಷರಗಳು ಮೂಡತೊಡಗುತ್ತವೆ. ಹೆಸರು: ಡಾಕ್ಟ್ರು. ಚಟ: ಭಾಷಣ. ಎಂದಿನಿಂದ: ಮದುವೆಯಾದಾಗಿನಿಂದ. ಬಿಟ್ಟ ದಿನ: ಬಿಟ್ಟೇ ಇಲ್ಲ. ಷರಾ: ನಿದ್ದೆಯಲ್ಲೂ ಮೂರು ವಿಷಯ ಹೇಳುತ್ತಾರೆ.

“ಯಾರದು? ಯಾರು ಮುಟ್ತಿರೋದು?” ಫೈಲಮ್ಮ ಎರಡೂ ಕೈ ಮೇಲೆತ್ತಿ ಕೂತಿದ್ದಾರೆ. ಪರದೆಯ ಮೇಲೆ ಕೊನೆಯ ಚೌಕ ತುಂಬುತ್ತದೆ: ‘ಬರ್ತಾ ಸೊಪ್ಪು ತನ್ನಿ.’

ಡಾಕ್ಟರ ಮುಖದಲ್ಲಿ ನಗು ಬರುತ್ತದೆ, ಬಂದ ದಾರಿಯಲ್ಲೇ ವಾಪಸು ಹೋಗುತ್ತದೆ. “ಇವಳಿಗೆ ಹೇಗೆ ಸಿಕ್ತು?” ಫೈಲಮ್ಮ ಗುಲಾಬಿಯ ವಿಷಯ ಹೇಳುತ್ತಾರೆ. ಆಗ ಡಾಕ್ಟರು ದೊಪ್ಪೆಂದು ಕುರ್ಚಿಗೆ ಕುಸಿಯುತ್ತಾರೆ. ಆ ಫ್ಯಾಮಿಲಿ ಗ್ರೂಪಿನಲ್ಲಿ ಅವರ ಹೆಂಡತಿಯ ತಮ್ಮನೂ ಇದ್ದಾರೆ. ವ್ಯಾನ್ ಚಾಲಕರು ದುಡಿಯುವ ಶಾಲೆ ಅವರದು. ಹಿಂದೆ ಕುಡಿದವರಿಗೂ ಸ್ಟೀರಿಂಗ್ ಇಲ್ಲ ಎಂಬುದು ಆ ಶಾಲೆಯ ಗಟ್ಟಿ ನಿಯಮ.

ಲಿಂಕ್ ಆ ಗಳಿಗೆಯಲ್ಲೇ ಮುಚ್ಚುತ್ತದೆ. ಈಗಾಗಲೇ ನೋಡಿದ ಕಣ್ಣಿದ್ದರೆ ಅದನ್ನು ಮುಚ್ಚುವುದು ಹೇಗೆ? ಭಾಮೈದನನ್ನು ಕೇಳಿದರೆ ಇಲ್ಲದ ಅನುಮಾನ ಹುಟ್ಟಿಸಿದಂತೆ. ಕೇಳದಿದ್ದರೆ ನಿದ್ದೆಯಿಲ್ಲ. ಆದರೆ ಪಟ್ಟಿಯಲ್ಲಿದ್ದವರಿಗೆ ತಿಳಿಸಲೇಬೇಕು ಎಂದು ಫೈಲಮ್ಮ ಪಟ್ಟು ಹಿಡಿಯುತ್ತಾರೆ. ಕಾಯ್ದೆಯೂ ಅದನ್ನೇ ಹೇಳುತ್ತದೆ. ಅವರು ಒಬ್ಬೊಬ್ಬರನ್ನೇ ಕರೆದು ಹೇಳುತ್ತಾರೆ.

ಮರುದಿನ ಊದಲು ಬಂದ ಚಾಲಕರ ಮುಖ ಸುದ್ದಿ ಕೇಳಿ ಬಿಳಿಚಿಕೊಳ್ಳುತ್ತದೆ. “ಯಜಮಾನ್ರ ಫೋನಲ್ಲಿ ನನ್ನ ಹೆಸ್ರಾ? ಅಕ್ಕ, ಕೆಲಸ ಹೋದ್ರೆ ಮಕ್ಕಳಿಗೆ ಏನಂತ ಹೇಳ್ಲಿ ನಾನು? ಹೇಳ್ದೆ ಇದ್ದಿದ್ರೇ ಚೆನ್ನಾಗಿತ್ತು.”

“ಹೆಸರು ನಿಮ್ಮದು, ಅಣ್ಣ. ಮುಚ್ಚಿಡೋಕೆ ನಾನ್ಯಾರು?”

ಇನ್ನು ಹೊಸ ವ್ಯವಸ್ಥೆ. ಕಂಪ್ಯೂಟರ್ ರಿಪೇರಿ ಮಾಡುವ ಮೈದುನನನ್ನು ಕೂರಿಸಿಕೊಂಡು ಫೈಲಮ್ಮ ತಂತ್ರಾಂಶ ಹುಡುಕಿದ್ದು ಥೇಟ್ ಬಾಡಿಗೆ ಮನೆ ಹುಡುಕಿದಂತೆ. ಒಂದು ನೋಡಲು ಬಲು ಚೆಂದ, ಆದರೆ ಯಾರು ಯಾವಾಗ ಏನು ನೋಡಿದರು ಎಂಬ ದಾಖಲೆ ಇಡುವುದಿಲ್ಲ. ಇನ್ನೊಂದರಲ್ಲಿ ಮಾಹಿತಿ ಒಳಗೆ ಹೋಗುವುದು ಸಲೀಸು, ಹೊರಗೆ ತರುವುದು ತ್ರಾಸು. “ಮುಂಗಡ ವಾಪಸ್ ಕೊಡದ ಮಾಲೀಕನ ಥರ,” ಎಂದು ಫೈಲಮ್ಮ ಅದನ್ನು ಬಿಟ್ಟರು. ಕೊನೆಗೆ ಆರಿಸಿದ್ದು ಸಾದಾ ಮುಖದ್ದು. ನೋಡಲು ಅದೇ ಲೆಕ್ಕದ ಹಾಳೆ, ಒಳಗೆ ಡೇಟಾಬೇಸ್. ಕೂರುವುದು ಕೇಂದ್ರದ್ದೇ ಯಂತ್ರದಲ್ಲಿ. ಅಡುಗೆಯವರಿಗೆ ಪಥ್ಯದ ಸಾಲು ಮಾತ್ರ ಕಾಣುತ್ತದೆ, ಸಲಹೆಗಾರರಿಗೆ ಅವರವರ ರೋಗಿಗಳು ಮಾತ್ರ. ಡಾಕ್ಟರು ಇಣುಕಿದರೂ ಗುರುತು ಉಳಿಯುತ್ತದೆ.

“ಸ್ವಂತ ಮನೆ ಅಂದ್ರೆ ಮಾಡು ಸೋರಿದ್ರೆ ನಾವೇ ಹತ್ಬೇಕು, ಅತ್ತಿಗೆ,” ಎಂದು ಮೈದುನ ಎಚ್ಚರಿಸಿದ್ದ.

“ಹತ್ತೋಣ ಬಿಡಪ್ಪ, ಏಣಿ ಹಿಡಿಯೋಕೆ ನೀನಿದೀಯಲ್ಲ.” ಹಾಗಾಗಿ ದಿನವೂ ಪ್ರತಿ ತೆಗೆದು ಬೇರೆ ಕಪಾಟಿನಲ್ಲಿಡುವ ಕೆಲಸ ಫೈಲಮ್ಮನವರ ಕುತ್ತಿಗೆಗೇ ಬಿದ್ದಿದೆ. ತಪಾಸಣೆಗೆ ಬರುವವರು ರೋಗಿಗಳ ಮಾಹಿತಿ ಎಲ್ಲಿದೆ ಎಂದರೆ ಮುಂಚೆ ‘ಕ್ಲೌಡಿನಲ್ಲಿ’ ಎಂದು ಆಕಾಶ ತೋರಿಸಬೇಕಿತ್ತು. ಈಗ ಮೆಟ್ಟಿಲ ಕೆಳಗಿನ ಪೆಟ್ಟಿಗೆ ತೋರಿಸುತ್ತಾರೆ.

ಒಂದು ಮಧ್ಯಾಹ್ನ ಡಾಕ್ಟರಿಗೆ ಹೊಸ ಪಾಸ್‌ವರ್ಡ್ ಹಾಕುವುದನ್ನು ಫೈಲಮ್ಮ ಕಲಿಸುತ್ತಿರುವಾಗ ಬಾಗಿಲಲ್ಲಿ ಶಾಲೆಯ ವ್ಯಾನ್ ನಿಲ್ಲುತ್ತದೆ. ಭಾಮೈದ ಇಳಿಯುತ್ತಾರೆ, ಹಿಂದೆಯೇ ಚಾಲಕರು. “ಒಳಗೆ ಬಾರಯ್ಯ, ಹೆದರ್ಬೇಡ, ಇಲ್ಲಿ ಯಾರೂ ಹಿಡ್ಕೊಳ್ಳಲ್ಲ,” ಎಂದು ಭಾಮೈದ ನಗುತ್ತಾರೆ. ಉಳಿದ ಮೂವರ ಮುಖದಲ್ಲೂ ರಕ್ತವಿಲ್ಲ.

“ಭಾವ, ನಮ್ಮ ಡ್ರೈವರ್ ವಿಷಯ ಮಾತಾಡ್ಬೇಕು.”

ಫೈಲಮ್ಮ ಮೇಜಿನ ಅಂಚು ಹಿಡಿದುಕೊಳ್ಳುತ್ತಾರೆ. ಚಾಲಕರು ನೆಲ ನೋಡುತ್ತಾರೆ.

“ಎಲ್ಲ ವ್ಯಾನ್‌ಗಳ ಉಸ್ತುವಾರಿ ಇವನಿಗೇ ಕೊಡ್ತಿದೀನಿ. ಡ್ರೈವರ್‌ಗಳಿಗೆಲ್ಲ ಕಣ್ಣು ಪರೀಕ್ಷೆ ಮಾಡಿಸ್ಬೇಕು, ನಿಮಗೆ ಗೊತ್ತಿರೋ ಒಳ್ಳೆ ಡಾಕ್ಟ್ರನ್ನ ಹೇಳಿ.”

ಡಾಕ್ಟರು ತೊದಲುತ್ತಾರೆ. “ಅಲ್ಲಪ್ಪ... ನಾನು ಗ್ರೂಪಲ್ಲಿ ಕಳ್ಸಿದ್ದು... ಗುಲಾಬಿ ಹೂವು...”

“ಯಾವ ಗುಲಾಬಿ?” ಭಾಮೈದ ಸಂಕೋಚದಿಂದ ಫೋನ್ ತೆಗೆದು ತೋರಿಸುತ್ತಾರೆ. ಭಾವನ ಸಂದೇಶಗಳೆಲ್ಲ ಓದದೆ ಗುಡ್ಡೆ ಬಿದ್ದಿವೆ. “ಬೇಜಾರ್ ಮಾಡ್ಕೋಬೇಡಿ ಭಾವ. ನೀವು ಕಳ್ಸಿದ್ದು ಒಂದನ್ನೂ ನಾನು ತೆರೆದಿಲ್ಲ. ಅಕ್ಕಂಗೆ ಹೇಳ್ಬೇಡಿ. ನಿಜ ಹೇಳ್ಬೇಕು ಅಂದ್ರೆ, ಮನೇಲಿ ಯಾರೂ ತೆರೆಯಲ್ಲ.”

ಚಾಲಕರು ಗೋಡೆಯತ್ತ ತಿರುಗಿ ನಿಲ್ಲುತ್ತಾರೆ, ಅವರ ಭುಜ ಕುಲುಕುತ್ತಿದೆ. ಫೈಲಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಾರೆ. ಅಷ್ಟರಲ್ಲಿ ಡಾಕ್ಟರು ಮೇಜು ಗುದ್ದಿ, ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, “ಒಬ್ಬರೂ ಓದಿಲ್ವಂತೆ ಕಣ್ರಯ್ಯ, ಒಬ್ಬರೂ!” ಎಂದು ಮೇಲಿನ ಮಹಡಿಯ ರೋಗಿಗಳೂ ಇಣುಕಿ ನೋಡುವಷ್ಟು ಗಟ್ಟಿಯಾಗಿ ನಗುತ್ತಾರೆ.